ಮೂರು ಬೆರಳಿನ ವಿಭೂತಿ

"ಅಳಸಬ್ಯಾಡ್ರಿ ಅಕ್ಕಾರ. ಅವ್ರ ಕೈಬಟ್ಟಿನ ಗುರ್ತು ಅದು."

ವಾಣಿಶ್ರೀಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಬಾಗಿಲ ಚೌಕಟ್ಟು ಹಿಡಿದು ಸಪ್ನಾ ನಿಂತಿದ್ದಳು. ಒಳಗೆ ಬಂದಿರಲಿಲ್ಲ. ಗಂಡನನ್ನು ಮಣ್ಣು ಮಾಡಿದ ದಿನದಿಂದ ಅವಳು ಈ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಮೇಜಿನ ಮೇಲಿದ್ದದ್ದು ದಪ್ಪ ತಗಡಿನ ಕಪ್ಪು ಪೆಟ್ಟಿಗೆ. ಯಾವುದೋ ಕಂಪನಿ ಹಳತಾಯಿತೆಂದು ಹರಾಜಿಗೆ ಹಾಕಿದ ವರ್ಕ್‌ಸ್ಟೇಷನ್ ಕಂಪ್ಯೂಟರ್. ಅದರ ಪಕ್ಕದ ಮುಚ್ಚಳ ಮೈಗೆ ಕೂಡುವ ಸಂದಿಯ ಮೇಲೆ ಅಡ್ಡಲಾಗಿ ಮೂರು ಬಿಳಿ ಗೆರೆ, ನಡುವೆ ಕುಂಕುಮದ ಬೊಟ್ಟು.

ಲಕ್ಷ್ಮೇಶ್ವರದ ಈ ಸಣ್ಣ ಸ್ಟುಡಿಯೋದಲ್ಲಿ ಮುದುಕಿಯರ ಹಾಡು ರೆಕಾರ್ಡ್ ಮಾಡುತ್ತಿದ್ದ ಮೌನೇಶ ದಸರೆ ಮುಗಿದ ವಾರ ಡಂಬಳದ ಕೆರೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಅಪ್‌ಡೇಟಿನಿಂದ ಕಂಪ್ಯೂಟರ್ ಕೆಟ್ಟಿತು, ಹಾಡೆಲ್ಲ ಹೋದವು, ಆ ಸಂಕಟಕ್ಕೆ ನೀರಿಗೆ ಬಿದ್ದ ಎಂದು ಪೊಲೀಸರು ಹೇಳುತ್ತಿದ್ದರು. ಹಾಗೆಂದೇ ಬರೆದು ಕಡತ ಮುಚ್ಚುವವರಿದ್ದರು.

ವಾಣಿಶ್ರೀ ಒಂದು ಕಾಲದಲ್ಲಿ ಪೊಲೀಸರ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡುತ್ತಿದ್ದವಳು. ಈಗ ಬೆಟಗೇರಿಯಲ್ಲಿ ರಿಪೇರಿ ಅಂಗಡಿ. ಅವಳನ್ನು ಹುಡುಕಿಕೊಂಡು ಹೋಗಿ ಸಪ್ನಾ ಕೇಳಿದ್ದು ಒಂದೇ ಮಾತು. "ನನ್ನ ಗಂಡ ತಾನಾಗಿ ಹೋದ್ರೋ, ಯಾರರ ಕಳಿಸಿದ್ರೋ, ಅಷ್ಟ ಹೇಳ್ರಿ. ಮತ್ತೇನೂ ಬ್ಯಾಡ."

ಸಾವಿಗಿಂತ ಅದರ 'ಯಾಕೆ' ಎಂಬುದು ಮನೆಯವರನ್ನು ಹೇಗೆ ತಿನ್ನುತ್ತದೆಂದು ವಾಣಿಶ್ರೀಗೆ ಗೊತ್ತಿತ್ತು. ತನ್ನ ಮನೆಯಲ್ಲೇ ಕಂಡಿದ್ದಳು. ಅದಕ್ಕೇ ಒಪ್ಪಿದ್ದಳು.

"ಅಳಸೂದಿಲ್ಲ ತಂಗಿ," ಎಂದಳು. "ಮೊದಲ ಫೋಟೋ ತಗೀತೀನಿ. ಆಮ್ಯಾಲ ಬ್ಲೇಡಿನಿಂದ ಸಂದಿಯಾಗಷ್ಟ ಗೀರತೀನಿ. ಉಳಿದದ್ದು ಹಂಗ ಇರತೈತಿ."

ಏನನ್ನೇ ಮುಟ್ಟುವ ಮೊದಲು ಫೋಟೋ ತೆಗೆಯುವುದು ಅವಳ ಚಟ. ಬಂದ ಕೂಡಲೇ ಕೋಣೆಯ ಮೂಲೆ ಮೂಲೆಯನ್ನೂ ತೆಗೆದಿದ್ದಳು. ಕಿಟಕಿ, ಮೈಕು, ಮೊಳೆಗೆ ಸುರುಳಿ ಸುತ್ತಿ ನೇತುಹಾಕಿದ್ದ ಕಂಪ್ಯೂಟರಿನ ವೈರು, ಎಲ್ಲ. ಆ ವೈರನ್ನು ಬಿಚ್ಚಿ ತಂದು ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆಗೆ ಸಿಕ್ಕಿಸಿದವಳೂ ಅವಳೇ.

ಟಾರ್ಚು ಹಿಡಿದು ಗೆರೆಗಳನ್ನು ಹತ್ತಿರದಿಂದ ನೋಡಿದಳು. 

ಗೆರೆಗಳು ಒಂದು ಪದರವಲ್ಲ, ಎರಡು. ಕೆಳಗಿನವು ಮಾಸಿದ್ದವು. ಸಂದಿಯ ಹತ್ತಿರ ಮುರಿದು, ಈಚೆಯ ತುಂಡು ಆಚೆಯ ತುಂಡಿಗೆ ಕೂಡದಂತೆ ಸರಿದಿದ್ದವು. ಮೇಲಿನವು ಮಾತ್ರ ಎಲ್ಲೂ ಒಡೆಯದೆ ಸಂದಿಯನ್ನು ದಾಟಿದ್ದವು.

"ಪೂಜಿ ಆದ ಮ್ಯಾಲ ಮುಚ್ಚಳಾ ಒಮ್ಮೆ ಬಿಚ್ಚ್ಯಾರ," ಎಂದಳು ಮೆಲ್ಲಗೆ. "ಹಾಕಿದ ಮ್ಯಾಲ ಮತ್ತ ವಿಭೂತಿ ಎಳದಾರ. ಅದಾದ ಮ್ಯಾಲ ಯಾರೂ ಬಿಚ್ಚಿಲ್ಲ. ಮ್ಯಾಲಿಂದು ಅವ್ರ ಎಳದದ್ದು ಅಂತ ಹ್ಯಾಂಗ ಹೇಳತಿ?"

"ನಡುವಿನ ಗೆರಿ ನೋಡ್ರಿ. ಒಂದ ಕಡೆ ಸವದಂಗ ಐತಿ." ಸಪ್ನಾ ತನ್ನ ನಡುಬೆರಳನ್ನು ತೋರಿಸಿದಳು. "ಸಣ್ಣಾವ್ರಿದ್ದಾಗ ಅತ್ತಿ ಬೀಸಾಕ ಕುಂತಿದ್ರಂತ. ಹಾಡ ಕೇಳಕೋತ ಬೀಸುಕಲ್ಲಾಗ ಬಟ್ಟ ಇಟ್ಟಿದ್ರಂತ. ತುದಿ ಹೋಗಿತ್ತು. ಹಣಿಮ್ಯಾಲನೂ ಅವ್ರ ವಿಭೂತಿ ಹಿಂಗ ಬೀಳತಿತ್ತು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದೇ ವಾಣಿಶ್ರೀಗೆ ಹೆಚ್ಚು ಭಯ ಹುಟ್ಟಿಸಿತು.

ಅವಳು ಗುಂಡಿ ಒತ್ತಿದಳು. ಫ್ಯಾನು ಗುಂಯ್ ಎಂದಿತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಮೂಡಿತು. ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂಬ ಸಂದೇಶ, ಅಷ್ಟೇ.

ಯಂತ್ರದ ಮೂಲ ಹೊಂದಿಕೆಯ ಪುಟ, ಸೆಟಪ್, ತೆರೆದಳು. ಮೂಲೆಯ ತಾರೀಖು ಯಂತ್ರ ತಯಾರಾದ ಕಾಲಕ್ಕೆ ಹೋಗಿ ಕೂತಿತ್ತು.

"ಎಲ್ಲಾ ಮರತೈತಿ," ಎಂದಳು. "ಸಪ್ನಾ, ಆಯುಧ ಪೂಜಿ ದಿನ ಇದನ್ನ ಹ್ಯಾಂಗ ಬಂದ್ ಮಾಡಿದ್ರಿ?"

"ತೆರಿಮ್ಯಾಲ ಅಪ್‌ಡೇಟು ಗುಂಡಗ ತಿರಗಾಕತ್ತಿತ್ರಿ. ಬಂದ್ ಮಾಡಬ್ಯಾಡ್ರಿ ಅಂತ ಬರದಿತ್ತು. ಅತ್ತಿ ಆರತಿ ತಾಟ ಹಿಡಕೊಂಡ ನಿಂತ ಬಿಟ್ಟಿದ್ರು. 'ಹೊತ್ತ ಮೀರತೈತೋ, ಅದೇನ ಹಡ್ಯಾಕ ಕುಂತೈತೇನು' ಅಂದ್ರು. ಇವ್ರು ನಕ್ಕೋತ ವೈರ ಕಿತ್ರು. ಒರಸಿ, ಹೂವ ಏರಿಸಿ, ಬನ್ನಿ ಮುಡಿಯೂತನಕಾ ಯಾರೂ ಮುಟ್ಟಲಿಲ್ಲ."

ವಾಣಿಶ್ರೀ ತಲೆಯಾಡಿಸಿದಳು. ಹರಾಜಿನ ಅದೇ ಸರಕಿನಿಂದ ಮೂವರು ಗೆಳೆಯರು ಒಂದೊಂದು ಯಂತ್ರ ತಂದಿದ್ದರು. ಇಲ್ಲಿ ಮೌನೇಶ, ಶಿರಹಟ್ಟಿಯಲ್ಲಿ ಫೋಟೋ ಸ್ಟುಡಿಯೋದ ಮಹಾದೇವ, ಮುಂಡರಗಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಮೀವುಲ್ಲಾ. ಮೂರೂ ಕಡೆ ಅಪ್‌ಡೇಟು ಅರ್ಧದಲ್ಲಿರುವಾಗಲೇ ವೈರು ಕಿತ್ತು ಹಬ್ಬಕ್ಕೆ ಬಂದ್ ಇಟ್ಟಿದ್ದರು. ಮೂರೂ ದಸರೆ ಮುಗಿದ ಮೇಲೆ ಏಳಲಿಲ್ಲ.

"ಇದರೊಳಗ ಒಂದು ಗುಂಡ ಸೆಲ್ಲು ಇರತೈತಿ," ವಾಣಿಶ್ರೀ ಹೇಳಿದಳು. "ರೂಪಾಯಿ ಬಿಲ್ಲೆದಂಗ. ವೈರಿನಾಗ ಕರೆಂಟ್ ಇಲ್ಲದಾಗ ಮಶೀನಿನ ನೆನಪ ಕಾಯೂದು ಅದು. ಹಳೇ ಮಶೀನು, ಸೆಲ್ಲು ಸತ್ತಿರತೈತಿ. ವೈರ ಇರೂತನಕಾ ಗೊತ್ತಾಗೂದಿಲ್ಲ. ಕಿತ್ತಿ ಅಂದ್ರ, ತನ್ನ ಡಿಸ್ಕ್ ತಾನ ಓದೂದು ಹ್ಯಾಂಗ ಅಂತ ಮರತ ಬಿಡತೈತಿ."

"ಅಂದ್ರ ಹಾಡು?"

"ಡಿಸ್ಕಿನಾಗ ಹಂಗ ಇರತಾವು. ಓದೂ ರೀತಿ ಅಷ್ಟ ತಪ್ಪಿರತೈತಿ. ಎಲ್ಲಾರೂ ಅಪ್‌ಡೇಟಿಗೆ ಬೈತಾರ. ಅರ್ಧ ತಪ್ಪ ಅದರದ್ದು, ಅರ್ಧ ಆರತಿದ್ದು."

ಸಪ್ನಾಳ ಮುಖದಲ್ಲಿ ಏನೋ ಸುಳಿದು ಹೋಯಿತು. ಸಮಾಧಾನವಂತೂ ಅಲ್ಲ.

ವಾಣಿಶ್ರೀ ಮುಂಡರಗಿಗೆ ಫೋನು ಹಚ್ಚಿದಳು.

"ನನ್ನ ಮಶೀನಾ? ಓಡಾಕತ್ತೈತ್ರಿ ಅಕ್ಕಾರ," ಸಮೀವುಲ್ಲಾನ ಹಿಂದೆ ಅಚ್ಚಿನ ಯಂತ್ರದ ಸದ್ದು ಕೇಳುತ್ತಿತ್ತು. "ಮೌನ್ಯಾ ಮುಟ್ಟಿ ಹೋದ ಮ್ಯಾಲ ಒಂದ ಸಲನೂ ತಕರಾರ ಮಾಡಿಲ್ಲ. ಸೆಲ್ಲಿನ ಪಟ್ಟಿ ತಂದಿದ್ದ. ಶಿರಹಟ್ಟ್ಯಾಗ ಒಂದು ಹಾಕಿ ಬಂದಿದ್ದ, ನನಗೊಂದು ಹಾಕಿದ. ಉಳದದ್ದು ತನ್ನ ಮಶೀನಿಗೆ ಅಂದ."

"ವೈರ ಕಿತ್ತು ಹಾಕಿದ್ನೇನ್ರಿ?"

"ಇಲ್ರಿ. ವೈರ ಇದ್ದಾಗ ಸೆಲ್ಲು ಬದಲಿ ಮಾಡಿದ್ರ ಹೊಳ್ಳಿ ಮರೆಯೂದಿಲ್ಲಂತ. ಆ ಸೆಲ್ಲಿಗೂ ಕುಂಕುಮಾ ಒರಸಿ ಹಾಕಿದ ನೋಡ್ರಿ. 'ಲೇ, ಇದು ಸಾಬರ ಮಶೀನು' ಅಂದೆ. 'ಮಶೀನಿಗೆ ಇನ್ನೂ ಹೇಳಿಲ್ಲೇನಲೇ ನೀನು' ಅಂತ ನಕ್ಕ."

ಅತ್ತ ಕಡೆ ಅಚ್ಚಿನ ಸದ್ದು ನಿಂತಿತು.

"ಅಂವ ನಕ್ಕದ್ದು ಇನ್ನೂ ಕಿವ್ಯಾಗ ಐತ್ರಿ ಅಕ್ಕಾರ. ಮಶೀನು ಕೆಟ್ಟದ್ದಕ್ಕ ಸಾಯೂ ಮನಶಾ ಅಲ್ರಿ ಅಂವ. ಕೆಟ್ಟ ಮಶೀನು ಕಂಡ್ರ ಖುಷಿ ಆಗಾಂವ."

ಫೋನಿಟ್ಟು ವಾಣಿಶ್ರೀ ಬ್ಲೇಡಿನಿಂದ ಸಂದಿಯನ್ನು ಗೀರಿದಳು.  ಮುಚ್ಚಳ ಬಿಚ್ಚಿತು.

ಒಳಗೆ ಧೂಳಿರಲಿಲ್ಲ. ಒರೆಸಿದವನ ಕೈಯ ಅಚ್ಚುಕಟ್ಟು ಕಾಣುತ್ತಿತ್ತು. ಬೋರ್ಡಿನ ಮೂಲೆಯಲ್ಲಿ ಸೆಲ್ಲು ಕೂರುವ ದುಂಡನೆಯ ಗೂಡು.

ಗೂಡು ಖಾಲಿ.

ಹೊಸದೂ ಇಲ್ಲ, ಹಳೆಯದೂ ಇಲ್ಲ.

ಸೆಲ್ಲು ಸತ್ತಿದ್ದರೆ ಹಳೆಯದು ಇರಬೇಕು, ಬದಲಿಸಿದ್ದರೆ ಹೊಸದು. ಗೂಡು ಖಾಲಿ ಬಿಟ್ಟು ಮುಚ್ಚುವ ರಿಪೇರಿಯವನನ್ನು ಅವಳು ಕಂಡಿರಲಿಲ್ಲ. ಗೂಡಿನ ಅಂಚಿನಲ್ಲಿ ಕೆಂಪಗೆ ಪುಡಿಯಿತ್ತು. ಕುಂಕುಮ. ಅಂದರೆ ಮೌನೇಶ ಹೊಸ ಸೆಲ್ಲು ಹಾಕಿದ್ದ. ಯಾರೋ ಅದನ್ನು ತೆಗೆದರು. ಅವನಿಗೆ ಗೊತ್ತಾಗಲಿಲ್ಲ. ಮುಚ್ಚಳ ಹಾಕಿ, ಮೇಲೆ ವಿಭೂತಿ ಎಳೆದ.

ಆ ವಿಭೂತಿ ಇವತ್ತಿನವರೆಗೆ ಒಡೆದಿರಲಿಲ್ಲ. ಹಾಗಾದರೆ ತೆಗೆದ ಕೈ ಆಮೇಲೆ ಹೊರಗಿನಿಂದ ಬಂದದ್ದಲ್ಲ. ಅವನು ಬದುಕಿದ್ದಾಗಲೇ, ಮುಚ್ಚಳ ತೆರೆದಿದ್ದಾಗಲೇ, ಈ ಮನೆಯಲ್ಲಿ ಓಡಾಡುತ್ತಿದ್ದ ಕೈ.

ವಾಣಿಶ್ರೀ ತಲೆಯೆತ್ತಿದಳು. ಸಪ್ನಾ ನೆಲ ನೋಡುತ್ತಿದ್ದಳು.

"ಸಪ್ನಾ, ಉಣ್ಣೂ ಹೊತ್ತಾತಲ್ಲವ್ವಾ," ಒಳಗಿನಿಂದ ಮುದಿ ದನಿ ಕೇಳಿತು. "ಸಕ್ಕರಿ ನೋಡ ಬಾ."

ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಗದಿಗೆವ್ವ ಕೂತಿದ್ದಳು. ಮೌನೇಶನ ತಾಯಿ. ಸಕ್ಕರೆ ಕಾಯಿಲೆ ಕಣ್ಣನ್ನು ಮುಕ್ಕಾಲು ತಿಂದಿತ್ತು. ದನಿ ಮಾತ್ರ ಇನ್ನೂ ಗಟ್ಟಿಯಾಗಿತ್ತು.

"ಬೆಟಗೇರಿ ತಂಗಿ ಏನವ್ವಾ ನೀನು? ಕುಂಡ್ರು. ದಿನಾ ಚುಚ್ಚಿ ಚುಚ್ಚಿ ನನ್ನ ಕೈಬಟ್ಟೆಲ್ಲಾ ಸಾಣಿಗಿ ಮಾಡ್ಯಾಳ ನೋಡ ಈಕಿ. ಹಿಟ್ಟ ಹಿಡಕೊಂಡ್ರ ಸೋರತೈತಿ."

ಸಪ್ನಾ ನಗಲಿಲ್ಲ. ಅತ್ತೆಯ ಬೆರಳು ಚುಚ್ಚಿ, ರಕ್ತ ಪರೀಕ್ಷೆಯ ಪುಟ್ಟ ಯಂತ್ರಕ್ಕೆ ಹನಿ ಮುಟ್ಟಿಸಿದಳು. ಅವಳ ಕೈ ಯಂತ್ರದ ಬೆನ್ನನ್ನು ಪೂರಾ ಮುಚ್ಚಿಕೊಂಡಿತ್ತು. ಹಾಗೆ ಹಿಡಿಯುವ ಅಗತ್ಯವಿರಲಿಲ್ಲ.

"ಮೌನೇಶ ಹೋದ ದಿನ ಸಂಜೀಕ ನನ್ನ ದನಿ ನನಗ ಕೇಳತು ತಂಗಿ," ಗದಿಗೆವ್ವ ಸುಮ್ಮನೆ ಹೇಳತೊಡಗಿದಳು. "ಖೋಲ್ಯಾಗಿಂದ. ನಾ ಬೀಸೂ ಮುಂದ ಹಾಡಿದ ಪದಾ. ಛಂದ ಬರಾಕತ್ತಿತ್ತು. ನಡುವ ಗಪ್ ಅಂತ ನಿಂತ ಬಿಡ್ತು. ಪೊಲೀಸರಿಗೆ ಹೇಳಿದ್ರ, 'ಅಜ್ಜಿ, ಮಶೀನು ಕೆಟ್ಟಿತ್ತು, ನಿನಗ ಮಗನ ಭ್ರಾಂತಿ' ಅಂದ್ರು. ಕಣ್ಣ ಹೋಗ್ಯಾವವ್ವಾ ನನ್ನವು. ಕಿವಿ ಹೋಗಿಲ್ಲ."

ವಾಣಿಶ್ರೀ ಕೈ ಚಾಚಿದಳು. "ಸಪ್ನಾ, ಅದನ್ನ ಕೊಡು."

"ಯಾಕ್ರಿ?"

"ಕೊಡು."

ಪುಟ್ಟ ಯಂತ್ರದ ಹಿಂದಿನ ಮುಚ್ಚಳಕ್ಕೆ ಟೇಪು ಅಂಟಿಸಿತ್ತು. ವಾಣಿಶ್ರೀ ಅದನ್ನು ಹಿಡಿದುಕೊಂಡು ಸ್ಟುಡಿಯೋಗೆ ನಡೆದಳು. ಹಿಂದೆ ಹೆಜ್ಜೆ ಸದ್ದು ಬಂತು. ಈ ಸಲ ಸಪ್ನಾ ಹೊಸ್ತಿಲು ದಾಟಿದಳು.

ಟೇಪು ಬಿಡಿಸಿದಾಗ ಸೆಲ್ಲು ಅಂಗೈಗೆ ಬಿತ್ತು. ರೂಪಾಯಿ ಬಿಲ್ಲೆಯಂಥದ್ದು. ಅಂಚಿನಲ್ಲಿ ಬೆರಳು ಒರೆಸಿದ ಕುಂಕುಮ.



"ನಿನಗ ಮೊದಲ ಗೊತ್ತಿತ್ತು," ವಾಣಿಶ್ರೀ ಹೇಳಿದಳು. "ನನ್ನ ಕರಿಯಾಕ ಬಂದಾಗೂ ಗೊತ್ತಿತ್ತು."

ಸಪ್ನಾ ಗೋಡೆಗೆ ಜಾರಿ ಕೂತಳು.

"ಅತ್ತಿ ಮಶೀನಿನ ಸೆಲ್ಲು ಮುಗದು ಭಾಳ ದಿನಾ ಆಗಿತ್ರಿ. ದಿನಾ ಹೇಳತಿದ್ದೆ, ದಿನಾ ಮರೀತಿದ್ರು. ಅವತ್ತ ಮಧ್ಯಾಹ್ನ ನೋಡತೀನಿ, ತಮ್ಮ ಡಬ್ಬಿಗೆ ಹೊಸಾದು ತಂದ ಕೂಡಿಸ್ಯಾರ. ಅಪ್‌ಡೇಟೂ ಮುಗಿಸಿದ್ರು, ಮಶೀನು ಚಾಲೂ ಆಗಿತ್ತು. ಹುಡುಗರಂಗ ಕುಣ್ಯಾಕತ್ತಿದ್ರು. ನನಗ ಹೊಟ್ಟಿ ಉರೀತು. ಮಶೀನಿಗೆ ತರಾಕ ನೆನಪ ಐತಿ, ಹಡದವ್ವಗ ತರಾಕ ಇಲ್ಲೇನು ಅಂತ."

"ಮುಂದ?"

"ಕೈಕಾಲ ತೊಳಕೊಳ್ಳಾಕ ಹೋಗಿದ್ರು. ಮುಚ್ಚಳಾ ಇನ್ನೂ ಹಾಕಿರಲಿಲ್ಲ. ಉಗುರಲೇ ತಗದೆ. ಅತ್ತಿ ಮಶೀನಿಗೆ ಹಾಕಿ ಸಕ್ಕರಿ ನೋಡಿದೆ. ಹೇಳಬೇಕಂತ ಇದ್ದೆ ಅಕ್ಕಾರ, ಖರೇನ. ಉಣ್ಣಾಕ ಕುಂತಾಗ ಮಾತಿಗೆ ಮಾತ ಬೆಳೀತು. 'ಆ ಡಬ್ಬಿ ಕೂಡನ ಸಂಸಾರ ಮಾಡ್ರಿ' ಅಂತ ಅಂದು ಹುಲಕೋಟಿಗೆ ತವರಮನಿಗೆ ಹೋಗಿಬಿಟ್ಟೆ."

ಅವಳ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

"ಮರುದಿನ ಖಬರ ಬಂತು. ಶಿರಹಟ್ಟಿ ಮಾದೇವಣ್ಣ ಹೇಳಿದ, ಸಂಜೀಕ ಬಂದಿದ್ದೆ, ತೆರಿ ಕಪ್ಪಗಾಗಿತ್ತು, ಅಂವ ಎದಿ ಬಡಕೊಂಡು ಅಳತಿದ್ದ ಅಂತ. ಅವ್ರ ಸರಿ ಮಾಡಿದ್ದನ್ನ ನಾನ ಕೆಡಿಸಿದೆ. ನಾನ ಕೊಂದೆ. ಊರವರು ಅಪ್‌ಡೇಟು ಕೊಂತು ಅಂತಾರ, ನಾ ಹೂಂ ಅಂತೀನಿ. ದಿನಾ ಅದ ಸೆಲ್ಲಿನಿಂದ ಅತ್ತಿ ರಕ್ತಾ ನೋಡತೀನಿ."

"ಆದ್ರೂ ನನ್ನ ಯಾಕ ಕರದಿ?"

ಸಪ್ನಾ ಕಣ್ಣೆತ್ತಿದಳು.

"ಸಾಯೂ ಮನಶಾ ಡಂಬಳದ ತನಕಾ ಗಾಡಿ ಹೊಡಕೊಂಡು ಯಾಕ ಹೋಗತಾರ್ರಿ? ಇಲ್ಲೇನ ನೀರ ಇಲ್ಲೇನು? ಅದೊಂದು ಮಾತ ತಲ್ಯಾಗ ಕೊರೀತಿತ್ತು. ನಾ ಕೊಂದದ್ದು ಖರೆ ಆದ್ರ ಖರೆ ಅಂತ ಯಾರರ ಹೇಳಲಿ ಅಂತ ಕರದೆ."

 ವಾಣಿಶ್ರೀಗೆ ಅವಳ ಪಕ್ಕ ಕೂತು ತಬ್ಬಿಕೊಳ್ಳಬೇಕೆನಿಸಿತು. ಆದರೆ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು.

"ಸೆಲ್ಲು ತಗದಾಗ ಮಶೀನಿನ ದೀಪಾ ಉರೀತಿತ್ತೇನು?"

"ಹೂಂ. ಹಸರ ದೀಪಾ."

"ವೈರ ಮುಟ್ಟಿದಿ?"

"ಇಲ್ರಿ. ವೈರ ಮುಟ್ಟಿದ್ರ ಬೈತಿದ್ರು."

ವಾಣಿಶ್ರೀ ಎದ್ದಳು. ಸೆಲ್ಲನ್ನು ಸಪ್ನಾಳ ಕೈಯಲ್ಲೇ ಇಟ್ಟಳು. "ಹಿಡಕೊ. ಇದು ನಿನ್ನ ಕೈಯಾಗ ಇರಲಿ. ನೋಡ ಈಗ."

ಸೆಟಪ್ ತೆರೆದು ಡಿಸ್ಕ್ ಓದುವ ಬಗೆಯನ್ನು ಮೊದಲಿದ್ದ ರೀತಿಗೆ ತಿರುಗಿಸಿದಳು. ಉಳಿಸಿ ಹೊರಬಂದಳು. ತೆರೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಸಪ್ನಾಳ ಉಸಿರು ಕೇಳುತ್ತಿತ್ತು.

ಆಮೇಲೆ ಬೆಳಕು ಬಂತು.

ಯಂತ್ರ ಎದ್ದಿತು. ರೆಕಾರ್ಡಿಂಗ್ ತಂತ್ರಾಂಶ ತಾನಾಗಿ ತೆರೆದು, 'ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ' ಎಂದು ದೂರಿ, ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿಟ್ಟಿತು. ತೆರೆಯ ತುಂಬ ಹಸಿರು ಅಲೆ. ಮೇಲೆ ಹೆಸರು: 'ಯವ್ವನ ಬೀಸುಕಲ್ಲ ಪದ.' ಅಲೆಯ ನಡುವೆ, ಹಾಡು ನಿಂತ ಜಾಗದಲ್ಲಿ, ಸಣ್ಣ ಕೆಂಪು ಗೆರೆ.

ವಾಣಿಶ್ರೀಯ ಬೆರಳು ಗುಂಡಿಯ ಹತ್ತಿರ ಹೋಯಿತು.

"ಬ್ಯಾಡ್ರಿ," ಸಪ್ನಾ ಅವಳ ಕೈ ಹಿಡಿದಳು. "ಈಗ ಹಚ್ಚಬ್ಯಾಡ್ರಿ. ಅತ್ತಿ ಕೇಳಿದ್ರ ಮಗಾ ಬಂದ ಅಂತ ಎದ್ದ ಬರತಾರ."

ವಾಣಿಶ್ರೀ ಕೈ ಹಿಂತೆಗೆದಳು. ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದಳು. ಎದ್ದಿತು. ಮತ್ತೊಮ್ಮೆ. ಎದ್ದಿತು.

"ಸೆಲ್ಲು ನಿನ್ನ ಕೈಯಾಗ ಐತಿ. ಆದ್ರೂ ಏಳತೈತಿ. ಯಾಕ? ವೈರಿನಾಗ ಕರೆಂಟ್ ಐತಿ. ಈಗ ನೋಡು." ಯಂತ್ರ ನಡೆಯುತ್ತಿರುವಾಗಲೇ ವೈರನ್ನು ಎರಡೂ ಕಡೆಯಿಂದ ಕಿತ್ತು ನೆಲಕ್ಕೆ ಬಿಟ್ಟಳು. ತೆರೆ ಸತ್ತಿತು. ತುಸು ತಡೆದು ತನ್ನ ಚೀಲದಲ್ಲಿದ್ದ ಬೇರೆ ವೈರು ಸಿಕ್ಕಿಸಿ ಗುಂಡಿ ಒತ್ತಿದಳು.

ಕಪ್ಪು ತೆರೆ. ಬಿಳಿ ಅಕ್ಷರ. ಡಿಸ್ಕ್ ಸಿಗುತ್ತಿಲ್ಲ.

"ನೀ ಸೆಲ್ಲು ತಗದದ್ದಕ್ಕ ಇದು ಸತ್ತಿಲ್ಲ ಸಪ್ನಾ. ನೀ ಹೋದ ಮ್ಯಾಲೂ ನಡದಿತ್ತು. ನಿಮ್ಮತ್ತಿ ಕೇಳಿದ ಹಾಡು ಭ್ರಾಂತಿ ಅಲ್ಲ. ಹಾಡ ನಡದಾಗ ಯಾರೋ ವೈರ ಕಿತ್ತಾರ. ನಿನ್ನ ಕೈ ಕೊಂದಿಲ್ಲ ತಂಗಿ."

ಸಪ್ನಾ ಅತ್ತಳು. ಇಷ್ಟು ದಿನ ಎಲ್ಲಿ ಹಿಡಿದಿಟ್ಟಿದ್ದಳೋ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅದು ಬಿಡುಗಡೆಯ ಅಳುವಲ್ಲ.

"ಹಂಗಾರ ಖುಷೀಲೆ ಇದ್ರು," ಎಂದಳು ನಡುನಡುವೆ. "ಅವ್ವನ ಹಾಡ ಕೇಳಕೋತ ಕುಂತಿದ್ರು. ನಾ ಬರಲಿ ಅಂತ ದಾರಿ ಕಾದಿರಬೇಕ್ರಿ. ನಾ ಸಿಟ್ಟಿಲೆ ಹುಲಕೋಟ್ಯಾಗ ಕುಂತಿದ್ದೆ."

ವಾಣಿಶ್ರೀ ಅವಳ ಬೆನ್ನು ಸವರಿದಳು. ಕಣ್ಣು ಮಾತ್ರ ನೆಲದ ಮೇಲಿನ ವೈರಿನ ಮೇಲಿತ್ತು. ಕರೆಂಟು ಹೋಗಿ ಬ್ಯಾಟರಿ ಬರಿದಾಗಿಯೂ ಯಂತ್ರ ಸತ್ತಿರಬಹುದೇ? ಹಾಗಾಗಿದ್ದರೆ ವೈರು ಇದ್ದಲ್ಲೇ ಇರುತ್ತಿತ್ತು.

ಫೋನಿನಲ್ಲಿದ್ದ ಬೆಳಗಿನ ಫೋಟೋ ತೋರಿಸಿದಳು. "ವೈರ ಹಿಂಗ ಮೊಳೀಗೆ ಹಾಕಿದವರು ಯಾರು? ನೀನಾ?"

ಸಪ್ನಾ ಕಣ್ಣೊರೆಸಿಕೊಂಡು ನೋಡಿದಳು. "ನಾ ಅಲ್ಲ. ಹುಲಕೋಟಿಯಿಂದ ಬಂದು ಖೋಲಿಗೆ ಬೀಗಾ ಹಾಕಿದಾಗನ ಹಿಂಗ ಇತ್ತು. ಅವ್ರೂ ಅಲ್ರಿ. ಅವ್ರು ಸುತ್ತಿ ಇಡೂ ಪೈಕಿ ಅಲ್ಲ. ಈ ಖೋಲಿ ಅಂದ್ರ ಹಾವಿನ ಹುತ್ತ ಆಗಿತ್ತು. ಕಾಲಾಗ ಸಿಕ್ಕೊಂಡು ನಾನ ಎರಡ ಸಲ ಬಿದ್ದೀನಿ."

ಫೋಟೋದಲ್ಲಿ ವೈರು ಒಂದೇ ಅಳತೆಯ ಸುತ್ತುಗಳಾಗಿ ನೀಳವಾಗಿ ಮಡಿಸಿಕೊಂಡಿತ್ತು. ಉಳಿದ ತುದಿಯನ್ನು ನಡುವಿಗೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಮೇಲಿನ ಕಣ್ಣಿಗೆ ತೂರಿಸಿ ಎಳೆದಿತ್ತು. ಅದು ಅಭ್ಯಾಸವಾದ ಕೈ. ಗಾಬರಿಯಲ್ಲೂ ತನ್ನ ಪಾಡಿಗೆ ತಾನು ಕೆಲಸ ಮಾಡುವ ಕೈ.

ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು.

"ಯವ್ವಾ, ಬುತ್ತಿ ತಂದೀನಿ. ರೊಟ್ಟಿ ಬಿಸಿ ಅದಾವು, ಉಣ್ಣು."

"ಬಾರೋ ಮಾದೇವಾ," ಗದಿಗೆವ್ವನ ದನಿ ಅರಳಿತು. "ನೀ ಬಂದ್ರ ಅಷ್ಟ ಮನ್ಯಾಗ ಗಂಡಸಿನ ಹೆಜ್ಜಿ ಸಪ್ಪಳ ನೋಡಪಾ."

ಸಪ್ನಾ ಮುಖ ಒರೆಸಿಕೊಂಡಳು. "ಶಿರಹಟ್ಟಿ ಮಾದೇವಣ್ಣ. ಅವ್ರು ಹೋದಾಗಿಂದ ದಿನಾ ಬುತ್ತಿ ತರತಾನ."

ಬಾಗಿಲಲ್ಲಿ ಮಹಾದೇವ ಕಾಣಿಸಿದ. ಎತ್ತರದ ಆಳು, ನಿದ್ದೆಯಿಲ್ಲದ ಕಣ್ಣು, ಬೆಳೆದ ಗಡ್ಡ. ವಾಣಿಶ್ರೀಗೆ ಕೈ ಮುಗಿದ. ಆಮೇಲೆ ಅವನ ನೋಟ ನೇರ ತೆರೆಯ ಕಡೆ ಹೋಯಿತು.

"ಆತೇನ್ರಿ ಅಕ್ಕಾರ?"

"ಕಪ್ಪಗ ಐತಿ, ನೋಡ್ರಿ," ವಾಣಿಶ್ರೀ ಎಂದಳು. ಅದು ಸುಳ್ಳಾಗಿರಲಿಲ್ಲ. ಪಕ್ಕದಲ್ಲಿ ಸಪ್ನಾ ಬಾಯಿ ತೆರೆಯದಂತೆ ಅವಳ ಮುಂಗೈ ಒತ್ತಿದಳು.

"ನಾ ಮೊದಲ ಹೇಳಿದ್ದೆ ವೈನಿ." ಅವನ ಭುಜ ಇಳಿಯಿತು. "ಸುಮ್ನ ಯಾಕ ತ್ರಾಸ ತಗೋತೀರಿ? ಆ ಅಪ್‌ಡೇಟು ಇದನ್ನೂ ತಿಂತು, ನಮ್ಮ ಮೌನ್ಯಾನ್ನೂ ತಿಂತು. ಬಿಡ್ರಿ ಇನ್ನ."

ಅವನ ಕಣ್ಣಲ್ಲಿ ನೀರು ಬಂದಿತ್ತು. ನಟನೆಯಲ್ಲ. ಅಳುವವರನ್ನು ವಾಣಿಶ್ರೀ ಸಾಕಷ್ಟು ಕಂಡಿದ್ದಳು. ಇವನು ನಿಜವಾಗಿ ಅಳುತ್ತಿದ್ದ.

ಪಡಸಾಲೆಯಿಂದ ಗೋಡೆ ಸವರುತ್ತ ಗದಿಗೆವ್ವ ಬರುತ್ತಿದ್ದಳು. "ತಡಿ ಯವ್ವಾ, ವೈರ ಬಿದ್ದೈತಿ. ಕಾಲಿಗೆ ತೊಡರೀತು," ಎಂದು ಮಹಾದೇವ ಬಗ್ಗಿ ನೆಲದ ವೈರನ್ನು ಎತ್ತಿಕೊಂಡ.

ಹೆಬ್ಬೆರಳಿನ ಸಂದಿಗೆ ತುದಿ ಸಿಕ್ಕಿಸಿದ. ಮೊಣಕೈಗೆ ಒಂದು ಸುತ್ತು, ಮತ್ತೆ ಹೆಬ್ಬೆರಳಿಗೆ, ಮತ್ತೆ ಮೊಣಕೈಗೆ. ಮದುವೆ ಮನೆಗಳಲ್ಲಿ ಲೈಟಿನ ವೈರು ಸುತ್ತಿ ಸುತ್ತಿ ಪಳಗಿದ ಕೈ. ಉಳಿದ ತುದಿಯನ್ನು ನಡುವಿಗೆ ಬಿಗಿದ. ಕೊನೆಯನ್ನು ಮೇಲಿನ ಕಣ್ಣಿಗೆ ತೂರಿಸಿದ. ನೋಡದೆಯೇ ಮಾಡಿದ. ನೋಡದೆಯೇ ಆ ಮೊಳೆಯ ಕಡೆ ಕೈ ಚಾಚಿದ.

ಸಪ್ನಾಳ ಉಗುರು ವಾಣಿಶ್ರೀಯ ಅಂಗೈಗೆ ಇಳಿಯಿತು.

ಗದಿಗೆವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೆ ವೈರೂ ಕಾಣಿಸಲಿಲ್ಲ, ಇವರಿಬ್ಬರ ಮುಖವೂ ಕಾಣಿಸಲಿಲ್ಲ.

"ಮಾದೇವಾ, ನೀನರ ಹೇಳೋ ಇವ್ರಿಗೆ. ಅವತ್ತ ನೀ ಬಂದು ಇಲ್ಲಿ ಕುಂತಾಗ ನನ್ನ ಪದಾ ಹಾಡತಿತ್ತಿಲ್ಲೋ ಇದು? ಮುದುಕಿಗೆ ಭ್ರಾಂತಿ ಅಂತಾರ ಎಲ್ಲಾರೂ. ನೀ ಕೇಳಲಿಲ್ಲೇನು?"

ಮಹಾದೇವ ಅವಳ ಕಡೆ ತಿರುಗಿದ. ಬೆಳ್ಳಗಾದ ಆ ಕಣ್ಣುಗಳು ಅವನ ದನಿಗಾಗಿ ಕಾದಿದ್ದವು. ಚಿಕ್ಕಂದಿನಲ್ಲಿ ಅವಳ ಕೈಯ ರೊಟ್ಟಿ ತಿಂದು ಬೆಳೆದವನು ಅವನು. 

"ಕೇಳೀನಿ ಯವ್ವಾ," ಎಂದ ಮೆಲ್ಲಗೆ. "ಭಾಳ ಛಂದ ಬಂದಿತ್ತು. ಎರಡ ಸಲ ಹಚ್ಚಿ ಕೇಳಿಸಿದ ಅಂವ. ಕುಣಿಕುಣಿದಾಡಿದ."



ಗದಿಗೆವ್ವನ ತುಟಿಯ ಮೇಲೆ ಮೊದಲು ನಗು ಬಂತು. ಮಗ ಕುಣಿದಾಡಿದ ಎಂಬ ಮಾತಿಗೆ ಬಂದ ನಗು. ಆಮೇಲೆ ಅದು ಅಲ್ಲೇ ನಿಂತಿತು. ಅವಳು ಕೈ ಚಾಚಿ, ಗಾಳಿಯಲ್ಲಿ ತಡಕಾಡಿ, ಮಹಾದೇವನ ಕೈ ಹಿಡಿದಳು. ಅವನ ಕೈಯಲ್ಲಿದ್ದ ವೈರಿನ ಸುರುಳಿ ಅವಳ ಬೆರಳಿಗೆ ಸಿಕ್ಕಿತು. ಸುತ್ತು ಸುತ್ತಾಗಿ ಸವರಿ ನೋಡಿದಳು.

"ಮಶೀನು ಸತ್ತೈತಿ ಅಂತ ಅಳಾಕತ್ತಿದ್ದ ಅಂತ ಪೊಲೀಸರಿಗೆ ಹೇಳಿದ್ಯಲ್ಲೋ ನನ ಮಗನ."

ಮಹಾದೇವ ಕೈ ಬಿಡಿಸಿಕೊಳ್ಳಲು ನೋಡಿದ. ಮುದುಕಿ ಬಿಡಲಿಲ್ಲ.

"ಅಂವ ಕುಣ್ಯಾಕತ್ತಿದ್ದ. ನೀ ಕುಂತಿದ್ದಿ. ಮತ್ತ ನನ್ನ ಪದಾ ನಡುವ ನಿಲ್ಲಿಸಿದವರು ಯಾರಪಾ?"